ಡಬ್ಬಿಯ ಮೇಲೆ ಒಂದು ಹೆಸರು, ಒಳಗೆ ಯಾರ ಮದ್ದು? ರೀಲೋಡಿಂಗ್ ಪೌಡರ್ ಬ್ರ್ಯಾಂಡ್‌ಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬಳಸಿದ ತೋಟೆಯ ಹಿತ್ತಾಳೆ ಕೇಸಿಗೆ ಹೊಸ ಪ್ರೈಮರ್, ಹೊಸ ಮದ್ದು, ಹೊಸ ಗುಂಡು ತುಂಬುವ ಹವ್ಯಾಸ, ಅಂದರೆ ರೀಲೋಡಿಂಗ್, ಅಮೆರಿಕದಲ್ಲಿ ದೊಡ್ಡದಾಗಿ ಬೆಳೆದಿದೆ. ಅಲ್ಲಿನ ಅಂಗಡಿಗಳಲ್ಲಿ ಸಾಲಾಗಿ ನಿಂತಿರುವ ಮದ್ದಿನ ಡಬ್ಬಿಗಳ ಹಿಂದೆ ನಿಜವಾಗಿ ಯಾರಿದ್ದಾರೆ ಎಂಬ ಕುತೂಹಲ ಮಾತುಕತೆಗಳಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕಾಣಿಸುತ್ತದೆ. ಆ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ, ಸರಳದಿಂದ ಜಟಿಲದ ಕಡೆಗೆ ಜೋಡಿಸಿ ಇಲ್ಲಿ ಉತ್ತರಿಸಲಾಗಿದೆ.

## ಮೊದಲು ತಿಳಿಯಬೇಕಾದವು

ರೀಲೋಡಿಂಗ್ ಪೌಡರ್ ಅಂದರೆ ಹಳೆಯ ಕಾಲದ ಕರಿಮದ್ದೇ ತಾನೆ?

ಅಲ್ಲ. ಕರಿಮದ್ದು ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲುಗಳ ಮಿಶ್ರಣ. ಇಂದಿನ ತೋಟೆಗಳಲ್ಲಿರುವುದು ಹೊಗೆರಹಿತ ಮದ್ದು, ಅಂದರೆ ನೈಟ್ರೋಸೆಲ್ಯುಲೋಸನ್ನು ಕರಗಿಸಿ, ಅಂಟಿನಂತೆ ಮಾಡಿ, ಮತ್ತೆ ಗಟ್ಟಿಗೊಳಿಸಿ ಕಾಳುಗಳಾಗಿಸಿದ ವಸ್ತು. ಇದನ್ನು ಮೊದಲು ಯಶಸ್ವಿಯಾಗಿ ರೂಪಿಸಿದವನು ಫ್ರಾನ್ಸಿನ ಪಾಲ್ ವಿಯೇಲ್, 1884ರಲ್ಲಿ. ಮೂರು ವರ್ಷಗಳ ನಂತರ ಆಲ್ಫ್ರೆಡ್ ನೊಬೆಲ್ ನೈಟ್ರೋಗ್ಲಿಸರಿನ್ ಸೇರಿಸಿ ಬ್ಯಾಲಿಸ್ಟೈಟ್ ತಯಾರಿಸಿದ. ನೈಟ್ರೋಸೆಲ್ಯುಲೋಸ್ ಮಾತ್ರ ಇದ್ದರೆ ಸಿಂಗಲ್ ಬೇಸ್, ಜೊತೆಗೆ ನೈಟ್ರೋಗ್ಲಿಸರಿನ್ ಇದ್ದರೆ ಡಬಲ್ ಬೇಸ್ ಎಂಬ ವಿಂಗಡಣೆ ಅಂದಿನಿಂದ ಇಂದಿನವರೆಗೂ ಉಳಿದು ಬಂದಿದೆ. ಕರಿಮದ್ದಿಗೂ ಹೊಗೆರಹಿತ ಮದ್ದಿಗೂ ಸ್ವಭಾವದಲ್ಲಿ ಅಜಗಜಾಂತರವಿದ್ದು, ಕರಿಮದ್ದಿನ ಕೋವಿಗೆ ಹೊಗೆರಹಿತ ಮದ್ದು ತುಂಬಿದರೆ ನಳಿಕೆಯೇ ಒಡೆದುಹೋಗಬಹುದು.

ಡಬ್ಬಿಯ ಮೇಲೆ ಹೆಸರಿರುವ ಕಂಪನಿಯೇ ಅದನ್ನು ತಯಾರಿಸುತ್ತದೆ ಅಲ್ಲವೇ?

ಬಹುತೇಕ ಸಂದರ್ಭಗಳಲ್ಲಿ ಅಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಹಾಜ್‌ಡನ್ ಕಂಪನಿಯನ್ನೇ ನೋಡಿ: ಈ ಕ್ಷೇತ್ರದ ಅತ್ಯಂತ ಪರಿಚಿತ ಹೆಸರುಗಳಲ್ಲಿ ಒಂದಾದ ಈ ಸಂಸ್ಥೆ ತನ್ನ ಹೊಗೆರಹಿತ ಮದ್ದನ್ನು ತಾನೇ ತಯಾರಿಸುವುದಿಲ್ಲ. ಹೇಗಿರಬೇಕೆಂದು ಗೊತ್ತುಪಡಿಸುತ್ತದೆ, ಕಾರ್ಖಾನೆಗಳಿಂದ ತರಿಸುತ್ತದೆ, ಪರೀಕ್ಷಿಸುತ್ತದೆ, ಡಬ್ಬಿಗೆ ತುಂಬುತ್ತದೆ, ಯಾವ ತೋಟೆಗೆ ಎಷ್ಟು ಎಂಬ ಅಳತೆಪಟ್ಟಿಯನ್ನು ಪ್ರಕಟಿಸುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಲೇಬಲ್ ಎಂಬುದು ಇಲ್ಲಿ ತಯಾರಕನ ಸಹಿಯಲ್ಲ, ಒಳಗಿರುವ ಮದ್ದು ಹೀಗೆಯೇ ವರ್ತಿಸುತ್ತದೆ ಎಂಬ ಭರವಸೆಯ ಪತ್ರ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಗೊಂದಲಗಳಲ್ಲಿ ಅರ್ಧದಷ್ಟು ತಾನಾಗಿ ಕರಗುತ್ತವೆ.

ಇದಕ್ಕೆ ಅಪವಾದಗಳೂ ಇವೆ. ಫಿನ್‌ಲೆಂಡಿನ ವಿಹ್ತಾವೂರಿ ಎಂಬಲ್ಲಿ 1922ರಲ್ಲಿ ಆರಂಭವಾದ ಕಾರ್ಖಾನೆ ತಾನು ತಯಾರಿಸಿದ ಮದ್ದನ್ನು ತನ್ನದೇ ಊರಿನ ಹೆಸರಿನಲ್ಲಿ ಮಾರುತ್ತದೆ; ಈಗ ಅದು ನಾಮ್ಮೋ ಸಮೂಹದ ಭಾಗ.

ಹಾಗಾದರೆ ನಿಜವಾಗಿ ತಯಾರಿಸುವವರು ಯಾರು, ಎಲ್ಲಿದ್ದಾರೆ?

ಅಮೆರಿಕದ ಮಾರುಕಟ್ಟೆಗೆ ಮದ್ದು ಒದಗಿಸುವ ಮುಖ್ಯ ಕಾರ್ಖಾನೆಗಳನ್ನು ಕೈಬೆರಳುಗಳಲ್ಲಿ ಎಣಿಸಬಹುದು.

ಫ್ಲಾರಿಡಾದ ಸೇಂಟ್ ಮಾರ್ಕ್ಸ್ ಕಾರ್ಖಾನೆ ದುಂಡುಕಾಳಿನ ಮದ್ದಿಗೆ, ಅಂದರೆ ಬಾಲ್ ಪೌಡರಿಗೆ, ಹೆಸರುವಾಸಿ. ಓಲಿನ್ ಕಂಪನಿ ಕಟ್ಟಿದ ಈ ಕಾರ್ಖಾನೆ ಈಗ ಜನರಲ್ ಡೈನಾಮಿಕ್ಸ್ ಕೈಯಲ್ಲಿದೆ. ವಿಂಚೆಸ್ಟರ್ ಹೆಸರಿನ ಮದ್ದುಗಳು, ಹಾಜ್‌ಡನ್ ಹೆಸರಿನ ದುಂಡುಕಾಳಿನ ಮದ್ದುಗಳು, ಅಲಯಂಟ್ ಕಂಪನಿಯ ಪವರ್ ಪ್ರೋ ಸರಣಿ, ಹೀಗೆ ಪರಸ್ಪರ ಪೈಪೋಟಿಗಿಳಿದಂತೆ ಕಾಣುವ ಹಲವು ಡಬ್ಬಿಗಳು ಈ ಒಂದೇ ಬಾಗಿಲಿನಿಂದ ಹೊರಬಿದ್ದಂಥವು.

ಕೆನಡಾದ ಕ್ವಿಬೆಕ್ ಪ್ರಾಂತದ ವ್ಯಾಲಿಫೀಲ್ಡ್‌ನಲ್ಲಿರುವ ಕಾರ್ಖಾನೆ ಐಎಂಆರ್ ಸರಣಿಯ ಕಡ್ಡಿಯಾಕಾರದ ಮದ್ದುಗಳ ತವರು. ಅದೂ ಜನರಲ್ ಡೈನಾಮಿಕ್ಸ್‌ಗೇ ಸೇರಿದ್ದು. ಆಸ್ಟ್ರೇಲಿಯಾದ ಮುಲ್ವಾಲಾದಲ್ಲಿ, ಹಿಂದೆ ಎಡಿಐ ಎನಿಸಿಕೊಂಡಿದ್ದು ಈಗ ಥೇಲ್ಸ್ ಆಗಿರುವ ಸಂಸ್ಥೆಯ ಕಾರ್ಖಾನೆಯಿದೆ; ಹಾಜ್‌ಡನ್‌ನ ‘ಎಕ್ಸ್‌ಟ್ರೀಮ್’ ಸರಣಿ, ಅಂದರೆ ವಾರ್ಗೆಟ್, ಎಚ್4350, ಎಚ್4831 ಮುಂತಾದವು, ಬಂದದ್ದು ಅಲ್ಲಿಂದ. ವರ್ಜೀನಿಯಾದ ರ್‍ಯಾಡ್‌ಫರ್ಡ್‌ನಲ್ಲಿರುವ ಸೇನಾ ಕಾರ್ಖಾನೆ ಬುಲ್ಸ್‌ಐ, ಯುನೀಕ್, ರೆಡ್ ಡಾಟ್‌ಗಳಂಥ ಹಳೆಯ ಹೆಸರುಗಳನ್ನು ಅಲಯಂಟ್‌ಗಾಗಿ ತಯಾರಿಸುತ್ತ ಬಂದಿದೆ.

ಯುರೋಪಿನಲ್ಲಿ ಸ್ವೀಡನ್ನಿನ ಕಾರ್ಲ್‌ಸ್ಕೂಗಾದ ಬೋಫೋರ್ಸ್ ಕಾರ್ಖಾನೆ ನಾರ್ಮಾ ಹೆಸರಿನ ಮದ್ದುಗಳನ್ನೂ ಅಲಯಂಟ್‌ನ ರೀಲೋಡರ್ 15ರಂಥವನ್ನೂ ಒದಗಿಸಿದೆ. ರೀಲೋಡರ್ 17 ಮಾತ್ರ ಸ್ವಿಟ್ಜರ್ಲೆಂಡಿನ ನೈಟ್ರೋಕೆಮಿಯಿಂದ ಬಂದದ್ದು. ರ್‍ಯಾಮ್‌ಶಾಟ್ ಹೆಸರಿನ ಹಲವು ಮದ್ದುಗಳ ಮೂಲ ಬೆಲ್ಜಿಯಂನ ಕ್ಲೆರ್ಮಾಂಟ್.

ಇಷ್ಟು ದೊಡ್ಡ ಮಾರುಕಟ್ಟೆಗೆ ಇಷ್ಟೇ ಕಾರ್ಖಾನೆಗಳೇ?

ಹವ್ಯಾಸಿಗಳ ಮಾರುಕಟ್ಟೆ ನಮಗೆ ದೊಡ್ಡದಾಗಿ ಕಾಣುತ್ತದೆಯೇ ಹೊರತು ಕಾರ್ಖಾನೆಯ ಕಣ್ಣಿನಲ್ಲಿ ಅದು ಸಣ್ಣದು. ಈ ಕಾರ್ಖಾನೆಗಳು ನಿಂತಿರುವುದು ಸೇನೆಯ ಗುತ್ತಿಗೆಗಳ ಮೇಲೆ. ನೈಟ್ರೋಸೆಲ್ಯುಲೋಸ್ ತಯಾರಿಕೆ, ಆಮ್ಲಗಳ ನಿರ್ವಹಣೆ, ಒಂದಕ್ಕೊಂದು ದೂರವಿಟ್ಟು ಕಟ್ಟಬೇಕಾದ ಕಟ್ಟಡಗಳು, ಬೆಂಕಿ ಮತ್ತು ಸ್ಫೋಟದ ಅಪಾಯ, ಇವೆಲ್ಲದರ ಖರ್ಚನ್ನು ಅರ್ಧ ಕಿಲೋ ತೂಗದ ಡಬ್ಬಿಗಳನ್ನು ಮಾರಿ ಹೊರಲು ಯಾರಿಂದಲೂ ಆಗದು. ಆದ್ದರಿಂದಲೇ ಲೇಬಲ್‌ಗಳು ಹುಟ್ಟುತ್ತಲೇ ಇರುತ್ತವೆ, ಕಾರ್ಖಾನೆಗಳು ಹುಟ್ಟುವುದಿಲ್ಲ.

## ತಯಾರಿಕೆ ಮತ್ತು ಹೆಸರಿನ ಪ್ರಶ್ನೆಗಳು

ಕೆಲವು ಪೌಡರ್ ಕಡ್ಡಿಯಂತೆ, ಕೆಲವು ಸಾಸಿವೆಯಂತೆ, ಕೆಲವು ಚಕ್ಕೆಯಂತೆ ಇರುವುದೇಕೆ?

ತಯಾರಿಕೆಯ ದಾರಿಯೇ ಬೇರೆಯಾದ್ದರಿಂದ. ಕಡ್ಡಿಯಾಕಾರದ ಮದ್ದಿನಲ್ಲಿ ನೈಟ್ರೋಸೆಲ್ಯುಲೋಸನ್ನು ದ್ರಾವಕದೊಂದಿಗೆ ಕಣಕದಂತೆ ನಾದಿ, ಶಾವಿಗೆ ಒತ್ತಿದಂತೆ ಅಚ್ಚಿನ ಮೂಲಕ ಒತ್ತಿ, ಸಣ್ಣಗೆ ಕತ್ತರಿಸುತ್ತಾರೆ. ಹಲವು ಕಡ್ಡಿಗಳ ನಡುವೆ ಸೂಕ್ಷ್ಮವಾದ ರಂಧ್ರವೂ ಇರುತ್ತದೆ; ಕಡ್ಡಿ ಹೊರಗಿನಿಂದ ಉರಿದು ಸಣ್ಣದಾಗುತ್ತಿರುವಾಗ ರಂಧ್ರವು ಒಳಗಿನಿಂದ ಉರಿದು ದೊಡ್ಡದಾಗುತ್ತದೆ, ಹೀಗಾಗಿ ಉರಿಯುವ ಮೇಲ್ಮೈ ಹೆಚ್ಚುಕಡಿಮೆ ಒಂದೇ ಸಮನಾಗಿ ಉಳಿಯುತ್ತದೆ. ಹಾಳೆಯಾಗಿ ಲಟ್ಟಿಸಿಯೋ ತೆಳ್ಳಗೆ ಒತ್ತಿಯೋ ಕತ್ತರಿಸಿದರೆ ಚಕ್ಕೆಯಾಗುತ್ತದೆ. ಬೇಗ ಉರಿಯುವ ಪಿಸ್ತೂಲು ಮತ್ತು ಶಾಟ್‌ಗನ್ ಮದ್ದುಗಳಲ್ಲಿ ಈ ರೂಪವೇ ಹೆಚ್ಚು.

ದುಂಡುಕಾಳಿನ ಮದ್ದು ಅಮೆರಿಕದ ವೆಸ್ಟರ್ನ್ ಕಾರ್ಟ್ರಿಡ್ಜ್ ಕಂಪನಿಯಲ್ಲಿ ಫ್ರೆಡ್ ಓಲ್ಸೆನ್ 1930ರ ದಶಕದಲ್ಲಿ ರೂಪಿಸಿದ ವಿಧಾನದ ಫಲ. ಇಲ್ಲಿ ಕರಗಿದ ನೈಟ್ರೋಸೆಲ್ಯುಲೋಸನ್ನು ನೀರಿನೊಳಗೇ ಕಲಕಿ ಹನಿಗಳಾಗಿಸಿ, ಆ ಹನಿಗಳನ್ನೇ ಗಟ್ಟಿಗೊಳಿಸುತ್ತಾರೆ. ನೀರಿನಲ್ಲೇ ನಡೆಯುವುದರಿಂದ ಅಪಾಯ ಕಡಿಮೆ, ಹಳೆಯ ಫಿರಂಗಿ ಮದ್ದನ್ನೂ ಕರಗಿಸಿ ಮರುಬಳಕೆ ಮಾಡಬಹುದು. ಎರಡನೆಯ ಮಹಾಯುದ್ಧದ ಕಾಲಕ್ಕೆ ಇದು ವರವಾಗಿ ಬಂತು.

ಒಂದೇ ಕಾರ್ಖಾನೆ ಹತ್ತಾರು ಬಗೆಯ ಪೌಡರ್ ಮಾಡುತ್ತದೆಂದರೆ ಎಲ್ಲವೂ ಒಂದೇ ಹಿಟ್ಟಿನ ರೊಟ್ಟಿಯೇ?

ಹಿಟ್ಟು ಬಹುಮಟ್ಟಿಗೆ ಒಂದೇ, ರೊಟ್ಟಿ ಒಂದೇ ಅಲ್ಲ. ಕಾಳಿನ ಗಾತ್ರ, ಅದರ ಗೋಡೆಯ ದಪ್ಪ, ನೈಟ್ರೋಗ್ಲಿಸರಿನ್ನಿನ ಪ್ರಮಾಣ, ಮೇಲ್ಮೈಯ ಉರಿತಡೆ ಲೇಪ ಇವುಗಳಲ್ಲಿ ಒಂದನ್ನು ಸ್ವಲ್ಪ ಬದಲಿಸಿದರೂ ಉರಿಯುವ ವೇಗ ಬದಲಾಗುತ್ತದೆ. ದುಂಡುಕಾಳು ತನ್ನ ಆಕಾರದಿಂದಾಗಿ ಆರಂಭದಲ್ಲೇ ರಭಸವಾಗಿ ಉರಿಯುವ ಸ್ವಭಾವದ್ದಾದ್ದರಿಂದ ಅದನ್ನು ಹಿಡಿದಿಡುವ ಕೆಲಸ ಈ ಲೇಪದ ಮೇಲೆಯೇ ಹೆಚ್ಚಾಗಿ ಬೀಳುತ್ತದೆ. ಕೆಲವು ಮದ್ದುಗಳ ಕಾಳುಗಳನ್ನು ಉರುಳೆಗಳ ನಡುವೆ ಒತ್ತಿ ಚಪ್ಪಟೆ ಮಾಡುವುದೂ ವೇಗ ಹೊಂದಿಸಲೆಂದೇ. ಕೊನೆಯಲ್ಲಿ ಗ್ರಾಫೈಟ್ ಪೂಸುತ್ತಾರೆ. ಅದು ಸ್ಥಿರವಿದ್ಯುತ್ತಿನ ಕಿಡಿಯನ್ನು ತಡೆಯುತ್ತದೆ, ಕಾಳುಗಳು ಸರಾಗವಾಗಿ ಹರಿಯುವಂತೆಯೂ ಮಾಡುತ್ತದೆ. ಬೇರೆ ಬೇರೆ ಕಂಪನಿಗಳ ಮದ್ದುಗಳೆಲ್ಲ ಒಂದೇ ಬಗೆಯ ಬೂದುಗಪ್ಪು ಬಣ್ಣದಲ್ಲಿ ಕಾಣುವುದು ಈ ಗ್ರಾಫೈಟಿನಿಂದ. ಕಣ್ಣಿನಿಂದ ಮದ್ದನ್ನು ಗುರುತಿಸುತ್ತೇನೆಂದು ಹೊರಡುವವರು ಇಲ್ಲೇ ಎಡವುತ್ತಾರೆ.

ಕ್ಯಾನಿಸ್ಟರ್ ಗ್ರೇಡ್ ಎಂದು ಹೇಳುತ್ತಾರಲ್ಲ, ಅದೇನು?

ಎಷ್ಟೇ ಎಚ್ಚರ ವಹಿಸಿದರೂ ಕಾರ್ಖಾನೆಯಲ್ಲಿ ಒಂದು ಲಾಟ್, ಅಂದರೆ ಒಂದು ಸಲಕ್ಕೆ ತಯಾರಾದ ಕಂತು, ಇನ್ನೊಂದರಂತೆ ತದ್ರೂಪವಾಗಿ ಬರುವುದಿಲ್ಲ. ಒಂದು ತುಸು ಚುರುಕು, ಇನ್ನೊಂದು ತುಸು ಮಂದ. ತೋಟೆ ತಯಾರಿಸುವ ದೊಡ್ಡ ಕಂಪನಿಗಳಿಗೆ ಇದು ತೊಂದರೆಯೇ ಅಲ್ಲ. ಅವರ ಬಳಿ ಒತ್ತಡ ಅಳೆಯುವ ನಳಿಕೆಗಳಿವೆ. ಹೊಸ ಲಾಟ್ ಬಂದಾಗ ಹಾರಿಸಿ ನೋಡಿ, ತುಂಬುವ ಅಳತೆಯನ್ನೇ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತಾರೆ.

ಮನೆಯಲ್ಲಿ ಕುಳಿತು ತುಂಬುವವರ ಬಳಿ ಅಂಥ ಉಪಕರಣವಿಲ್ಲ, ಇರುವುದು ಮುದ್ರಿತ ಅಳತೆಪಟ್ಟಿ ಮಾತ್ರ. ಆದ್ದರಿಂದ ಇವರಿಗೆ ಮಾರುವ ಮದ್ದು ವರ್ಷದಿಂದ ವರ್ಷಕ್ಕೆ ಆ ಪಟ್ಟಿಗೆ ಹೊಂದುವಂತೆ ಇರಲೇಬೇಕು. ಚುರುಕಾದ ಲಾಟನ್ನೂ ಮಂದವಾದ ಲಾಟನ್ನೂ ಪರೀಕ್ಷಿಸಿ, ಹದವಾಗಿ ಬೆರೆಸಿ, ಗೊತ್ತುಪಡಿಸಿದ ಕಿರಿದಾದ ಮಿತಿಯೊಳಗೆ ತಂದದ್ದೇ ಕ್ಯಾನಿಸ್ಟರ್ ಗ್ರೇಡ್. ಒಂದೇ ಯಂತ್ರದಿಂದ ಬಂದ ಮದ್ದಿನ ಒಂದು ಪಾಲು ಕ್ಯಾನಿಸ್ಟರ್ ಡಬ್ಬಿಗೂ, ಇನ್ನೊಂದು ಪಾಲು ತೋಟೆ ಕಾರ್ಖಾನೆಯ ಪೀಪಾಯಿಗೂ ಹೋಗಬಹುದು. ಎರಡಕ್ಕೂ ತಾಯಿ ಒಬ್ಬಳೇ ಎಂದರೆ ತಪ್ಪಿಲ್ಲ, ಆದರೆ ಒಂದರ ಬದಲು ಇನ್ನೊಂದನ್ನು ತುಂಬಲಾಗದು. ಮೂಲ ಯಾರೆಂಬ ಪ್ರಶ್ನೆಗಿಂತ ಈ ಬೆರಕೆಯ ಹದವೇ ನನ್ನ ಮಟ್ಟಿಗೆ ದೊಡ್ಡ ವಿಷಯ, ಆದರೆ ಇದರ ಬಗ್ಗೆ ಕೇಳುವವರು ಕಡಿಮೆ.

ಒಂದೇ ಪೌಡರನ್ನು ಎರಡು ಹೆಸರಿನಲ್ಲಿ ಮಾರುತ್ತಾರೆಂಬ ಮಾತು ನಿಜವೇ?

ಕೆಲವು ಜೋಡಿಗಳ ವಿಷಯದಲ್ಲಿ ನಿಜ. ಹಾಜ್‌ಡನ್ ಎಚ್‌ಪಿ-38 ಮತ್ತು ವಿಂಚೆಸ್ಟರ್ 231 ಒಂದೇ ಮದ್ದು. ಎಚ್110 ಮತ್ತು ವಿಂಚೆಸ್ಟರ್ 296 ಒಂದೇ. ಎಚ್414 ಮತ್ತು ವಿಂಚೆಸ್ಟರ್ 760 ಒಂದೇ. 2006ರಲ್ಲಿ ವಿಂಚೆಸ್ಟರ್ ಹೆಸರಿನ ಮದ್ದುಗಳನ್ನು ಮಾರುವ ಪರವಾನಗಿ ಹಾಜ್‌ಡನ್‌ಗೆ ಸಿಕ್ಕಿದ ಮೇಲೆ ಈ ಎರಡೂ ಲೇಬಲ್‌ಗಳು ಒಂದೇ ಮನೆಯವಾದವು. ಅವರ ಅಳತೆಪಟ್ಟಿಯಲ್ಲಿ ಈ ಜೋಡಿಗಳ ಅಂಕಿಗಳು ಸಾಲು ಸಾಲಾಗಿ ಒಂದೇ ಇರುವುದನ್ನು ಯಾರು ಬೇಕಾದರೂ ನೋಡಬಹುದು.

ಆಸ್ಟ್ರೇಲಿಯಾದ ಮದ್ದುಗಳದ್ದೂ ಇದೇ ಕಥೆ. ತವರಿನಲ್ಲಿ ಎಆರ್2208 ಎನಿಸಿಕೊಳ್ಳುವುದು ಅಮೆರಿಕದಲ್ಲಿ ವಾರ್ಗೆಟ್. ಎಆರ್2209 ಎಂಬುದು ಎಚ್4350. ಎಆರ್2206ಎಚ್ ಎಂಬುದು ಎಚ್4895. ಎಆರ್2217 ಎಂಬುದು ಎಚ್1000. ಒಂದು ಖಂಡದಲ್ಲಿ ಸಂಖ್ಯೆ, ಇನ್ನೊಂದು ಖಂಡದಲ್ಲಿ ಹೆಸರು.

ಎಚ್4895, ಐಎಂಆರ್ 4895 ಎರಡರಲ್ಲೂ 4895 ಇದೆಯಲ್ಲ, ಇವೂ ಒಂದೇ ತಾನೆ?

ಅಲ್ಲ, ಮತ್ತು ಈ ತಪ್ಪು ಅಪಾಯಕಾರಿ. ಇದರ ಹಿಂದಿನ ಕಥೆ ತಿಳಿದರೆ ಮತ್ತೆ ಮರೆಯುವುದಿಲ್ಲ.

4895 ಮೂಲತಃ ಡ್ಯೂಪಾಂಟ್ ಕಂಪನಿ ಅಮೆರಿಕದ ಸೇನೆಯ .30-06 ತೋಟೆಗಾಗಿ ತಯಾರಿಸಿದ ಮದ್ದು. ಐಎಂಆರ್ ಎಂದರೆ ಸುಧಾರಿತ ಸೇನಾ ರೈಫಲ್ ಮದ್ದು ಎಂದೇ ಅರ್ಥ. ಎರಡನೆಯ ಮಹಾಯುದ್ಧ ಮುಗಿದಾಗ ಸರ್ಕಾರದ ಬಳಿ ಟನ್ನುಗಟ್ಟಲೆ ಮಿಕ್ಕಿತ್ತು. ಬ್ರೂಸ್ ಹಾಜ್‌ಡನ್ ಎಂಬಾತ ಅದನ್ನು ಅಗ್ಗವಾಗಿ ಕೊಂಡು ಹವ್ಯಾಸಿಗಳಿಗೆ ಮಾರತೊಡಗಿದ. ಇಂದಿನ ಹಾಜ್‌ಡನ್ ಕಂಪನಿ ಬೆಳೆದದ್ದು ಆ ಮಿಗುತೆ ಮದ್ದಿನ ಮೇಲೆ. ಬಳಿಕ 20 ಮಿಲಿಮೀಟರ್ ತೋಪಿನ ತೋಟೆಗಳಿಂದ ಬಂದ 4831 ಕೂಡ ಹಾಗೆಯೇ ಜನಪ್ರಿಯವಾಯಿತು.

ಮಿಗುತೆ ಸರಕು ಎಂದಾದರೂ ಮುಗಿಯಲೇಬೇಕಲ್ಲ. ಮುಗಿದಾಗ ಹಾಜ್‌ಡನ್ ಅದೇ ಸ್ವಭಾವದ ಮದ್ದನ್ನು ಹೊಸದಾಗಿ ಮಾಡಿಸಿತು, ಮೊದಲು ಸ್ಕಾಟ್ಲೆಂಡಿನಲ್ಲಿ, ಆಮೇಲೆ ಆಸ್ಟ್ರೇಲಿಯಾದಲ್ಲಿ. ಸಂಖ್ಯೆ ಉಳಿಯಿತು, ಮುಂದೆ ‘ಎಚ್’ ನಿಂತಿತು. ಡ್ಯೂಪಾಂಟ್ ತನ್ನ ಐಎಂಆರ್ ಹೆಸರಿನಲ್ಲಿ ಅದೇ ಸಂಖ್ಯೆಯ ಮದ್ದನ್ನು ಬೇರೆಯಾಗಿಯೇ ಮಾರಿತು. ಐಎಂಆರ್ 4831 ತನ್ನ ‘ಎಚ್’ ಸೋದರನಿಗಿಂತ ಸ್ಪಷ್ಟವಾಗಿ ವೇಗದ್ದು. ಎಚ್4831ರ ಗರಿಷ್ಠ ಅಳತೆಯನ್ನು ಐಎಂಆರ್ 4831ಕ್ಕೆ ಬಳಸಿದರೆ ಒತ್ತಡ ಮಿತಿಮೀರುತ್ತದೆ. 4350ರ ಜೋಡಿಯಲ್ಲೂ ಎಚ್ಚರ ಬೇಕು. 2003ರಲ್ಲಿ ಹಾಜ್‌ಡನ್ ಐಎಂಆರ್ ಕಂಪನಿಯನ್ನೇ ಕೊಂಡಿತು. ಈಗ ಎರಡೂ ಒಂದೇ ಸೂರಿನಡಿ ಇವೆ, ಮದ್ದುಗಳು ಮಾತ್ರ ಬೇರೆಯಾಗಿಯೇ ಉಳಿದಿವೆ.

ಈ ವಿಚಿತ್ರ ಹೆಸರುಗಳನ್ನು ಹೇಗೆ ಇಡುತ್ತಾರೆ?

ಕೆಲವು ಸೇನೆಯ ಗುರುತುಸಂಖ್ಯೆಗಳು, ಕೆಲವು ಮಾರಾಟದ ಜಾಣ್ಮೆ, ಕೆಲವು ಬರಿಯ ಆಕಸ್ಮಿಕ. ಬ್ರೂಸ್ ಹಾಜ್‌ಡನ್ .22-250 ತೋಟೆಗೆ 38.0 ಗ್ರೇನ್ ತುಂಬಿ ಮೆಚ್ಚಿಕೊಂಡ ಮದ್ದು ಎಚ್380 ಆಯಿತು. ಒಂದು ಗ್ರೇನ್ ಎಂದರೆ ಸುಮಾರು 64.8 ಮಿಲಿಗ್ರಾಂ, 7000 ಗ್ರೇನ್ ಸೇರಿದರೆ ಒಂದು ಪೌಂಡ್. ವಾರ್ಗೆಟ್ ಎಂಬುದು ‘ವಾರ್ಮಿಂಟ್’, ‘ಟಾರ್ಗೆಟ್’ ಎಂಬೆರಡು ಇಂಗ್ಲಿಷ್ ಪದಗಳ ಬೆಸುಗೆ. ಎಚ್4831ಎಸ್‌ಸಿ ಎಂಬುದರ ಕೊನೆಯ ಎರಡಕ್ಷರಗಳು ಕಡ್ಡಿಯನ್ನು ಚಿಕ್ಕದಾಗಿ ಕತ್ತರಿಸಿದೆ ಎಂಬುದನ್ನಷ್ಟೇ ಹೇಳುತ್ತವೆ: ಅಳೆಯುವ ಯಂತ್ರದಲ್ಲಿ ಸರಾಗವಾಗಿ ಹರಿಯಲಿ ಎಂಬ ಉದ್ದೇಶದ ಬದಲಾವಣೆ ಅದು, ಅಳತೆಪಟ್ಟಿ ಹಳೆಯದೇ.

ಬ್ರ್ಯಾಂಡ್ ಬೇರೆಯವರ ಕೈಗೆ ಹೋದಾಗ ಒಳಗಿನ ಪೌಡರೂ ಬದಲಾಗುತ್ತದೆಯೇ?

ಮಾಲೀಕ ಬದಲಾದ ಮಾತ್ರಕ್ಕೆ ಬದಲಾಗಬೇಕೆಂದಿಲ್ಲ. 2020ರಲ್ಲಿ ವೆಸ್ಟರ್ನ್ ಪೌಡರ್ಸ್ ಕಂಪನಿಯ ಆಕ್ಯುರೇಟ್ ಮತ್ತು ರ್‍ಯಾಮ್‌ಶಾಟ್ ಹೆಸರುಗಳು ಹಾಜ್‌ಡನ್ ಪಾಲಾದವು. ಅಲಯಂಟ್ ಇರುವ ಉದ್ಯಮ ಸಮೂಹ 2024ರಲ್ಲಿ ಜೆಕ್ ಮೂಲದ ಕಂಪನಿಯೊಂದರ ಕೈಸೇರಿತು. ಇವು ಕಾಗದದ ಮೇಲಿನ ಬದಲಾವಣೆಗಳು. ನಿಜವಾಗಿ ಗಮನಿಸಬೇಕಾದದ್ದು ತಯಾರಿಕೆಯ ಜಾಗ ಬದಲಾದಾಗ. ಆಕ್ಯುರೇಟ್ ಹೆಸರಿನ ಮದ್ದುಗಳು ಬೇರೆ ಬೇರೆ ಕಾಲದಲ್ಲಿ ಇಸ್ರೇಲ್, ಜೆಕ್ ದೇಶ ಮತ್ತು ಅಮೆರಿಕದ ಕಾರ್ಖಾನೆಗಳಿಂದ ಬಂದಿವೆ. ಯುರೋಪಿನ ರಾಸಾಯನಿಕ ನಿಯಮಗಳು ಕೆಲವು ಉರಿತಡೆ ವಸ್ತುಗಳ ಮೇಲೆ ನಿರ್ಬಂಧ ಹೇರಿದಾಗಲೂ ಹಳೆಯ ಮದ್ದುಗಳ ಸೂತ್ರವನ್ನು ತಿದ್ದಬೇಕಾಯಿತು. ಹಳೆಯ ಪುಸ್ತಕದ ಅಂಕಿಯನ್ನು ಹೊಸ ಡಬ್ಬಿಗೆ ಬಳಸುವ ಮುನ್ನ ಇತ್ತೀಚಿನ ಪಟ್ಟಿಯನ್ನು ನೋಡಲೇಬೇಕು.

## ಅನುಭವಿಗಳ ಪ್ರಶ್ನೆಗಳು

ಎರಡೂ ಒಂದೇ ಎಂದು ಖಚಿತವಾಗಿ ಗೊತ್ತಿದ್ದರೆ ಒಂದರ ಲೋಡ್ ಡೇಟಾ, ಅಂದರೆ ಅಳತೆಪಟ್ಟಿ, ಇನ್ನೊಂದಕ್ಕೆ ಬಳಸಬಹುದಲ್ಲವೇ?

ಮಾರುವ ಕಂಪನಿಯೇ ಎರಡಕ್ಕೂ ಒಂದೇ ಅಂಕಿ ಪ್ರಕಟಿಸಿದ್ದರೆ ಬಳಸಬಹುದು, ಏಕೆಂದರೆ ಆಗ ನೀವು ಬಳಸುತ್ತಿರುವುದು ನಿಮ್ಮ ಡಬ್ಬಿಯ ಅಂಕಿಯನ್ನೇ. ‘ಒಂದೇ ಕಾರ್ಖಾನೆಯಲ್ಲಿ ತಯಾರಾದದ್ದು’, ‘ನೋಡಲು ಒಂದೇ ತರಹ’, ‘ಹಳಬರು ಹೇಳಿದರು’ ಎಂಬ ಆಧಾರಗಳ ಮೇಲೆ ಬಳಸಬಾರದು. ಹಳೆಯ ಡಬ್ಬಿಯ ಲಾಟ್ ಮುಗಿದು ಹೊಸ ಲಾಟ್ ಬಂದಾಗಲೂ, ಹೆಸರು ಅದೇ ಆಗಿದ್ದರೂ, ಗರಿಷ್ಠ ಅಳತೆಯ ಹತ್ತಿರ ಕೆಲಸ ಮಾಡುವವರು ಮತ್ತೆ ಕೆಳಗಿಳಿದು ಮೆಲ್ಲಗೆ ಏರುವುದು ರೂಢಿ. ಆದರೆ ಇಳಿಸುವುದಕ್ಕೂ ಮಿತಿಯಿದೆ: ಎಚ್110 ಮತ್ತು ಅದರ ಜೋಡಿ 296ರ ಅಳತೆಯನ್ನು ಪ್ರಕಟಿತ ಅಂಕಿಗಿಂತ ಬಹಳ ಕೆಳಕ್ಕೆ ಇಳಿಸಬಾರದೆಂಬ ಎಚ್ಚರಿಕೆ ಎರಡೂ ಹೆಸರುಗಳಿಗೆ ಅನ್ವಯಿಸುತ್ತದೆ.

ತೂಕವೂ ಗಾತ್ರವೂ ಬೇರೆ ಎಂಬುದನ್ನು ಅಲಯಂಟ್‌ನ ಪ್ರೋಮೋ ಎಂಬ ಅಗ್ಗದ ಮದ್ದು ಚೆನ್ನಾಗಿ ತೋರಿಸಿಕೊಟ್ಟಿತು. ರೆಡ್ ಡಾಟ್‌ನ ಅಂಕಿಗಳನ್ನು ಅದಕ್ಕೆ ತೂಕದ ಲೆಕ್ಕದಲ್ಲಿ ಬಳಸಬಹುದಿತ್ತು, ಆದರೆ ಸಾಂದ್ರತೆ ಹೊಂದುತ್ತಿರಲಿಲ್ಲ. ರೆಡ್ ಡಾಟ್‌ಗೆಂದು ಹೊಂದಿಸಿದ ಅಳತೆಗುಳಿಯಿಂದ ತಕ್ಕಡಿ ನೋಡದೆ ಸುರಿದರೆ ಲೆಕ್ಕ ತಪ್ಪುತ್ತಿತ್ತು.

ಬರ್ನ್ ರೇಟ್ ಪಟ್ಟಿಯಲ್ಲಿ ಅಕ್ಕಪಕ್ಕ ಇರುವ ಪೌಡರ್‌ಗಳು ಒಂದರ ಬದಲು ಒಂದು ಆಗುವುದಿಲ್ಲವೇ?

ಆಗುವುದಿಲ್ಲ. ಆ ಪಟ್ಟಿ ಯಾವುದು ವೇಗ, ಯಾವುದು ನಿಧಾನ ಎಂಬ ಸರದಿಯನ್ನು ಮಾತ್ರ ಹೇಳುತ್ತದೆ. ಅಕ್ಕಪಕ್ಕದ ಎರಡರ ನಡುವಿನ ಅಂತರ ಎಷ್ಟೆಂದು ಹೇಳುವುದಿಲ್ಲ. ತೋಟೆ ಬದಲಾದರೆ ಸರದಿಯೂ ಅದಲುಬದಲಾಗಬಹುದು.

ಸೇನೆಯ ಮಿಗುತೆ ಡಬ್ಲ್ಯೂಸಿ 844 ಅಗ್ಗಕ್ಕೆ ಸಿಗುತ್ತದೆ. ಅದು ಎಚ್335 ಅಂತಾರಲ್ಲ?

ವಂಶ ಒಂದೇ ಎಂಬುದು ಸರಿ. ಡಬ್ಲ್ಯೂಸಿ 844ರ ನಾಗರಿಕ ರೂಪ ಎಚ್335, ಡಬ್ಲ್ಯೂಸಿ 846ರದ್ದು ಬಿಎಲ್-ಸಿ(2). ಆದರೆ ಮೇಲೆ ಹೇಳಿದ ಕ್ಯಾನಿಸ್ಟರ್ ಹದ ಸೇನಾ ಲಾಟಿಗೆ ಇರುವುದಿಲ್ಲ. ಅದರ ಅಳತೆಯನ್ನು ತೋಟೆ ಕಾರ್ಖಾನೆ ಪ್ರತಿ ಲಾಟಿಗೂ ಬೇರೆಯಾಗಿ ಗೊತ್ತುಮಾಡುತ್ತಿತ್ತು. ಹಳೆಯ ತೋಟೆಗಳನ್ನು ಬಿಚ್ಚಿ ತೆಗೆದ ಮದ್ದಾಗಿದ್ದರೆ ಅದು ಎಷ್ಟು ವರ್ಷ, ಯಾವ ಬಿಸಿಲಿನಲ್ಲಿ ಇತ್ತೆಂಬುದೂ ಸೇರಿಕೊಳ್ಳುತ್ತದೆ. ಅಗ್ಗ ಎಂಬುದು ನಿಜ, ಆದರೆ ಪರೀಕ್ಷೆಯ ಭಾರ ಪೂರ್ತಿಯಾಗಿ ಕೊಂಡವನ ಹೆಗಲಿಗೆ ಬೀಳುತ್ತದೆ.

ಅಂಗಡಿಯ ತೋಟೆಯನ್ನು ಬಿಚ್ಚಿ ನೋಡಿದೆ. ಒಳಗಿನ ಪೌಡರ್ ನನ್ನ ಡಬ್ಬಿಯದ್ದರಂತೆಯೇ ಇದೆ. ಅದೇ ಇರಬಹುದೇ?

ಇರಬಹುದು, ಇಲ್ಲದಿರಲೂಬಹುದು, ನೋಡಿ ಹೇಳಲಾಗದು. ಕಾರ್ಖಾನೆಯ ತೋಟೆಗಳಲ್ಲಿ ಬಹುಪಾಲು ಇರುವುದು ಡಬ್ಬಿಯಲ್ಲಿ ಎಂದೂ ಮಾರದ ಮದ್ದು, ಹಲವೊಮ್ಮೆ ಆ ಕಂಪನಿಗೆಂದೇ ಹದಮಾಡಿದ್ದು. ಅಪರೂಪಕ್ಕೆ ಅಂಥದ್ದು ಹೊರಗೂ ಬರುತ್ತದೆ: ಹಾರ್ನಡಿ ಕಂಪನಿಯ ತೋಟೆಗಳಿಂದ ಹೆಸರಾದ ಸೂಪರ್‌ಫಾರ್ಮೆನ್ಸ್ ಮತ್ತು ಲೆವರೆವಲ್ಯೂಷನ್ ಮದ್ದುಗಳನ್ನು ಹಾಜ್‌ಡನ್ ಡಬ್ಬಿಗಳಲ್ಲಿ ಮಾರಿತು. ಸೇನಾ ಮದ್ದಿನ ಮೂಲದ ಸಿಎಫ್ಇ 223 ಬಂದದ್ದೂ ಇಂಥದೇ ದಾರಿಯಲ್ಲಿ. ನಳಿಕೆಯಲ್ಲಿ ತಾಮ್ರ ಅಂಟದಂತೆ ನೋಡಿಕೊಳ್ಳುವ ಗುಣದಿಂದ ಅದಕ್ಕೆ ಆ ಹೆಸರು: ‘ಕಾಪರ್ ಫೌಲಿಂಗ್ ಇರೇಸರ್’ ಎಂಬುದರ ಮೊದಲಕ್ಷರಗಳೇ ಸಿಎಫ್ಇ.

ನನ್ನ ಕೈಯಲ್ಲಿರುವ ಡಬ್ಬಿಯ ಮೂಲವನ್ನು ಹೇಗೆ ಪತ್ತೆ ಹಚ್ಚಲಿ?

ತಯಾರಾದ ದೇಶದ ಹೆಸರು ಲೇಬಲ್‌ನಲ್ಲೇ ಇರುತ್ತದೆ, ಅಕ್ಷರ ಚಿಕ್ಕದಿರಬಹುದು ಅಷ್ಟೇ. ಐಎಂಆರ್ 8208 ಎಕ್ಸ್‌ಬಿಆರ್ ಇದಕ್ಕೆ ಒಳ್ಳೆಯ ಉದಾಹರಣೆ: ಕೆನಡಾದ ಸರಣಿಯ ಹೆಸರು ಹೊತ್ತಿದ್ದರೂ ತಯಾರಾದದ್ದು ಆಸ್ಟ್ರೇಲಿಯಾದಲ್ಲಿ. ದೇಶ ತಿಳಿದು, ಕಾಳಿನ ಆಕಾರವನ್ನೂ ನೋಡಿದರೆ ಕಾರ್ಖಾನೆ ಯಾವುದೆಂದು ಊಹಿಸುವುದು ಕಷ್ಟವಲ್ಲ. ಲಾಟ್ ಸಂಖ್ಯೆಯನ್ನು ಮಾತ್ರ ಬರೆದಿಟ್ಟುಕೊಳ್ಳಿ; ದೋಷವಿರುವ ಲಾಟನ್ನು ಕಂಪನಿ ಹಿಂದಕ್ಕೆ ಕರೆದಾಗ ಕೇಳುವುದು ಅದನ್ನೇ.

ಎರಡು ಡಬ್ಬಿಗಳ ತಳದಲ್ಲಿ ಸ್ವಲ್ಪ ಸ್ವಲ್ಪ ಉಳಿದಿದೆ. ಕಂಪನಿಯೇ ಬೆರೆಸುವಾಗ ನಾನೂ ಬೆರೆಸಿದರೇನು?

ಕಂಪನಿ ಬೆರೆಸುವುದು ಒಂದೇ ಬಗೆಯ ಮದ್ದಿನ ಲಾಟ್‌ಗಳನ್ನು, ಅದೂ ಬೆರೆಸುವ ಮುಂಚೆ ಮತ್ತು ಬೆರೆಸಿದ ಮೇಲೆ ಒತ್ತಡ ಅಳೆದು. ಎರಡು ಬಗೆಯ ಮದ್ದುಗಳನ್ನು ಮನೆಯಲ್ಲಿ ಬೆರೆಸಿದರೆ ಅದಕ್ಕೆ ಜಗತ್ತಿನ ಯಾವ ಅಳತೆಪಟ್ಟಿಯೂ ಇರುವುದಿಲ್ಲ. ಮದ್ದನ್ನು ಬೇರೆ ಹೆಸರಿನ ಖಾಲಿ ಡಬ್ಬಿಗೆ ಸುರಿದಿಡುವುದೂ ಅಷ್ಟೇ ಕೆಟ್ಟ ಅಭ್ಯಾಸ. ಸುರಿದವರಿಗೇ ಆರು ತಿಂಗಳಲ್ಲಿ ಮರೆತುಹೋಗುತ್ತದೆ. ಯಾವುದೆಂದು ಅನುಮಾನವಿರುವ ಮದ್ದನ್ನು ಬಳಸದೆ, ಸ್ಥಳೀಯ ಅಗ್ನಿಶಾಮಕ ಇಲಾಖೆಯನ್ನು ಕೇಳಿ ವಿಲೇವಾರಿ ಮಾಡಬೇಕು.

ನನ್ನ ಇಷ್ಟದ ಪೌಡರ್ ಏಕಾಏಕಿ ಮಾರುಕಟ್ಟೆಯಿಂದ ಮಾಯವಾಗುವುದೇಕೆ?

ಸೇನೆಯ ಬೇಡಿಕೆ ಏರಿದ ಕೂಡಲೇ ಕಾರ್ಖಾನೆಯ ಪಾಳಿಗಳು ಅತ್ತ ತಿರುಗುತ್ತವೆ. ಉಕ್ರೇನ್ ಯುದ್ಧ ಶುರುವಾದ ಮೇಲೆ ಫಿರಂಗಿ ಮದ್ದಿಗೆ ಬೇಡಿಕೆ ಹೆಚ್ಚಿ ನೈಟ್ರೋಸೆಲ್ಯುಲೋಸ್ ಅಭಾವ ತಲೆದೋರಿತು. 2024ರ ಆರಂಭದಲ್ಲಿ ಅಲಯಂಟ್ ತನ್ನ ಕ್ಯಾನಿಸ್ಟರ್ ಮದ್ದುಗಳ ಪೂರೈಕೆಯನ್ನೇ ನಿಲ್ಲಿಸುವುದಾಗಿ ವ್ಯಾಪಾರಿಗಳಿಗೆ ತಿಳಿಸಬೇಕಾಯಿತು. ಮಾರುವ ಹೆಸರುಗಳು ಹಲವು, ಕಾರ್ಖಾನೆಗಳು ಕೆಲವೇ ಆಗಿರುವುದರಿಂದ ಒಂದು ಕಡೆ ಕೆಲಸ ನಿಂತರೆ ಮೂರು ನಾಲ್ಕು ಬ್ರ್ಯಾಂಡ್‌ಗಳ ಕಪಾಟುಗಳು ಒಟ್ಟಿಗೇ ಬರಿದಾಗುತ್ತವೆ. ಅಂಥ ಹೊತ್ತಿನಲ್ಲಿ ಎಚ್‌ಪಿ-38 ಸಿಗದಿದ್ದರೆ ಪಕ್ಕದ ಸಾಲಿನಲ್ಲಿ 231 ಇದೆಯೇ ಎಂದು ನೋಡುವವರಿಗೆ, ಈ ಹೆಸರುಗಳ ನಂಟು ತಿಳಿದಿರುವುದು ಸ್ವಲ್ಪ ಉಪಯೋಗಕ್ಕೆ ಬರುತ್ತದೆ.